ಬದುಕಿರುವ ಹಟ್ಟಿಗೆ ಸಾವಿನ ಹಾಡು

ಕೊರೋನಾ ಕಳೆದು, ಊಟಿಯ ಘಾಟಿ ರಸ್ತೆಗಳಲ್ಲಿ ಮತ್ತೆ ಕಾರುಗಳ ಸಾಲು ನಿಲ್ಲತೊಡಗಿದ್ದ ವರ್ಷ. ನಾನು ಆಗ ನೀಲಗಿರಿ ಜಿಲ್ಲೆಯ ಕೋತಗಿರಿ ಕಡೆಯಲ್ಲಿ ತಹಸೀಲ್ದಾರ್ ಆಗಿದ್ದೆ. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಮಳೆಗಾಲದಲ್ಲಿ ಕುಸಿದ ಮಣ್ಣು, ಬೇಸಿಗೆಯಲ್ಲಿ ಟೂರಿಸ್ಟುಗಳ ಗಲಾಟೆ, ನಡುನಡುವೆ ಟೀ ತೋಟಕ್ಕೆ ನುಗ್ಗಿದ ಕಾಡುಕೋಣ, ಅದರ ಮೇಲೆ ಚುನಾವಣೆ. ಇವನ್ನೆಲ್ಲ ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು. ಮಂಡಿ ನೋವು ಬೇರೆ. ಉಳಿದ ದಿನಗಳನ್ನು ಹೇಗೋ ತಳ್ಳಿಬಿಟ್ಟರೆ ಸಾಕಪ್ಪಾ ಅಂದುಕೊಂಡಿರುವಾಗ ನನ್ನ ಮೇಜಿಗೆ ಒಂದು ಹಾಡು ಬಂತು. ಸರ್ಕಾರಿ ಕೆಲಸದಲ್ಲಿ ಮೇಜಿಗೆ ಏನೇನೋ ಬರುತ್ತವೆ. ರಾಕ್ ಹಾಡು ಬಂದದ್ದು ಅದೊಂದೇ ಸಲ.

ತಹಸೀಲ್ದಾರ್ ಎಂದರೆ ಪಟ್ಟಾ, ಜಾತಿ ಸರ್ಟಿಫಿಕೇಟ್, ಜಮೀನಿನ ಅಳತೆ ಎಂದಷ್ಟೇ ಜನ ತಿಳಿದಿರುತ್ತಾರೆ. ಆ ಕುರ್ಚಿಗೆ ಇನ್ನೊಂದು ಹೊಣೆಯೂ ಇದೆ. ಎರಡು ಗುಂಪು ಕೈ ಮಿಲಾಯಿಸುವ ಸೂಚನೆ ಕಂಡರೆ ಪೊಲೀಸರು ಒಂದು ವರದಿ ಬರೆದು ನಮ್ಮ ಕಡೆಗೆ ತಳ್ಳುತ್ತಾರೆ. ನಾವು ಇಬ್ಬರನ್ನೂ ಕರೆಸಿ, ಕೂರಿಸಿ, ಟೀ ಕುಡಿಸಿ, ಒಂದು ಒಪ್ಪಂದಕ್ಕೆ ತರಬೇಕು. ತಮಿಳುನಾಡಿನ ಕಚೇರಿಗಳಲ್ಲಿ ಇದಕ್ಕೆ ಶಾಂತಿ ಮಾತುಕತೆ ಎನ್ನುತ್ತಾರೆ. ಹೆಸರಿನಲ್ಲಷ್ಟೇ ಶಾಂತಿ. ಒಳಗೆ ಕೂತವರ ಕಿವಿ ಸಂಜೆಯ ತನಕ ಗುಂಯ್‌ಗುಡುತ್ತಿರುತ್ತದೆ.

ನಾನು ಹುಟ್ಟಿದ್ದು ಮಸಿನಗುಡಿಯಲ್ಲಿ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದು ಅಲ್ಲಿ ದಿನಸಿ ಅಂಗಡಿ ಇಟ್ಟವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಬೆಟ್ಟದ ಮೇಲಿನ ಬಡಗರ ಮಾತು ನಮ್ಮ ಕನ್ನಡಕ್ಕೆ ಹತ್ತಿರದ ನೆಂಟ. ನಿಧಾನವಾಗಿ ಆಡಿದರೆ ಪೂರ್ತಿ ಅರ್ಥವಾಗುತ್ತದೆ, ಜಗಳದಲ್ಲಿ ಆಡಿದರೆ ಅರ್ಧ ಕೈತಪ್ಪುತ್ತದೆ. ಇಲ್ಲಿ ಅವರು ಆಡಿದ್ದನ್ನು ಓದುಗರಿಗೆ ತಿಳಿಯುವಂತೆ ಕನ್ನಡದ ಕಡೆಗೆ ಬಗ್ಗಿಸಿ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ‘ನಾಂಗ’ ಎಂದರೆ ನಾವು, ‘ನಂಗ’ ಎಂದರೆ ನಮ್ಮ. ಹಟ್ಟಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹಟ್ಟಿ ಎಂದರೆ ಬಡಗರ ಊರು. ಒಂದೇ ಕುಲದವರು ಸಾಲು ಮನೆಗಳಲ್ಲಿ ಇರುತ್ತಾರೆ. ಅಲ್ಲಿ ಹುಟ್ಟಿದವರೆಲ್ಲ ಒಬ್ಬರಿಗೊಬ್ಬರು ಅಣ್ಣತಮ್ಮ, ದೊಡ್ಡಪ್ಪ ಚಿಕ್ಕಪ್ಪ.

ಸೋಮವಾರ ನಮ್ಮಲ್ಲಿ ಅರ್ಜಿಗಳ ದಿನ. ಅಂಥ ಒಂದು ಸೋಮವಾರ ಹಟ್ಟಿಯ ಮುಖ್ಯಸ್ಥರಾದ ನಂಜ ಗೌಡರು ಏಳೆಂಟು ಹಿರಿಯರೊಂದಿಗೆ ಬಂದರು. ಎಲ್ಲರಿಗೂ ಬಿಳಿ ಪೇಟ, ಬಿಳಿ ಶಾಲು. ಎಪ್ಪತ್ತು ದಾಟಿದ ನಂಜ ಗೌಡರು ಬೆನ್ನು ನೆಟ್ಟಗೆ ಇಟ್ಟುಕೊಂಡೇ ಕೂತರು. ಅರ್ಜಿ ತಮಿಳಿನಲ್ಲಿತ್ತು. ಟೈಪ್ ಮಾಡಿದವನು ತನಗೆ ಗೊತ್ತಿದ್ದ ದೊಡ್ಡ ಮಾತುಗಳನ್ನೆಲ್ಲ ತುರುಕಿದ್ದ: ಧಾರ್ಮಿಕ ಭಾವನೆಗೆ ಧಕ್ಕೆ, ಪೂರ್ವಜರಿಗೆ ಅವಮಾನ, ಯುವಜನರು ದಾರಿ ತಪ್ಪುವ ಅಪಾಯ. ಹಟ್ಟಿಯ ಹುಡುಗಿಯೊಬ್ಬಳು ತನ್ನ ಬ್ಯಾಂಡ್ ಕಟ್ಟಿಕೊಂಡು ಹಾಡಿದ ಹಾಡನ್ನು ಅಳಿಸಿಹಾಕಬೇಕು, ಮುಂದಿನ ತಿಂಗಳು ಕೋತಗಿರಿಯಲ್ಲಿ ನಡೆಯಲಿರುವ ಅವಳ ಕಾರ್ಯಕ್ರಮ ನಿಲ್ಲಿಸಬೇಕು ಎಂಬುದು ಬೇಡಿಕೆ.

“ಗೌಡ್ರೇ, ಇಂಟರ್ನೆಟ್ಟಿನಿಂದ ಹಾಡು ಅಳಿಸೋದು ನನ್ನ ಕೈಲಿ ಆಗೋ ಕೆಲಸವಾ? ಯಾರಾದ್ರೂ ಬೇಲಿ ಕಿತ್ತಿದ್ರೆ ಹೇಳಿ, ಹಾಕಿಸಿಕೊಡ್ತೀನಿ” ಅಂದೆ.

“ಬೇಲಿ ಆಗಿದ್ರೆ ನಾಂಗವೇ ಹಾಕಿಕೊಳ್ತಿದ್ದೊ ಅಮ್ಮಾ” ಅಂದರು ಅವರು. “ಮೊದ್ಲು ನೀವು ಕೇಳಿ. ಆಮೇಲೆ ಹೇಳಿ.”

ಅವರು ಹೋದ ಮೇಲೆ ಗುಮಾಸ್ತನ ಮೊಬೈಲಿನಲ್ಲಿ ಹಾಡು ಹಾಕಿಸಿದೆ. ಮೊದಲು ಏನೂ ಇಲ್ಲ, ಒಬ್ಬ ಮುದುಕನ ಉಸಿರಿನಂಥ ಸದ್ದು. ಆಮೇಲೆ ಒಂದು ಹೆಣ್ಣು ದನಿ, ಯಾವ ಸಂಗೀತವೂ ಇಲ್ಲದೆ, ಸಾವಿನ ಮನೆಯಲ್ಲಿ ಹೇಳುವ ಧಾಟಿಯಲ್ಲಿ ಶುರುವಾಯಿತು. ಎರಡು ಸಾಲು ಮುಗಿಯುವಷ್ಟರಲ್ಲಿ ಡ್ರಮ್ಮು, ಗಿಟಾರು ಒಟ್ಟಿಗೆ ಬಿದ್ದವು. ಗುಮಾಸ್ತನ ಮೊಬೈಲು ಮೇಜಿನ ಮೇಲೆ ನಡುಗಿತು. ಪಕ್ಕದ ಕೋಣೆಯಿಂದ ಸರ್ವೇಯರ್ ಬಂದ, ಟೈಪಿಸ್ಟ್ ಬಂದಳು, ನನ್ನ ಜೀಪಿನ ಡ್ರೈವರ್ ಸೆಲ್ವಂ ಬಾಗಿಲಲ್ಲಿ ನಿಂತ. ಸುಳ್ಳೇಕೆ ಹೇಳಲಿ, ನನಗೆ ಮೈ ಜುಮ್ಮೆಂದಿತು. ಆ ಹುಡುಗಿಯ ದನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಅಳು ಇತ್ತು, ಎರಡೂ ಒಂದನ್ನೊಂದು ಬಿಡುತ್ತಿರಲಿಲ್ಲ.

ಗಲಾಟೆ ಯಾಕೆಂದು ತಿಳಿಯಬೇಕಾದರೆ ಬಡಗರ ಒಂದು ಪದ್ಧತಿ ಹೇಳಬೇಕು. ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ, ಹೂಳುವ ಮುಂಚೆ ಒಬ್ಬ ಹಿರಿಯರು ಎದ್ದು ನಿಂತು ಸತ್ತವರ ಹೆಸರು ಹೇಳಿ, ಅವರೂ ಅವರ ಹಿಂದಿನವರೂ ಮಾಡಿರಬಹುದಾದ ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಪ್ರತಿ ಸಾಲಿಗೂ ನೆರೆದವರೆಲ್ಲ ‘ಪಾಪ’ ಎಂದು ದನಿಗೂಡಿಸುತ್ತಾರೆ. ಕೊನೆಯಲ್ಲಿ ಎಲ್ಲವೂ ಬಿಟ್ಟುಹೋಗಲಿ ಎಂದು ಎಲ್ಲರೂ ಸೇರಿ ಕಳಿಸಿಕೊಡುತ್ತಾರೆ. ಹಿಂದೆ ಆ ಪಾಪಗಳನ್ನೆಲ್ಲ ಒಂದು ಕರುವಿನ ಮೇಲೆ ಹೊರಿಸಿ ಅದನ್ನು ಬಿಟ್ಟುಬಿಡುತ್ತಿದ್ದರಂತೆ. ಈಗ ಬಹಳ ಕಡೆ ಕರು ಇಲ್ಲ, ಹೇಳುವುದು ಮಾತ್ರ ಉಳಿದಿದೆ. ಸತ್ತವರು ಆ ಪಾಪ ನಿಜಕ್ಕೂ ಮಾಡಿದ್ದರೇ ಎಂದು ಯಾರೂ ಕೇಳುವುದಿಲ್ಲ. ಹೇಳಿಸಿಕೊಳ್ಳದೆ ಹೋಗುವುದಕ್ಕೆ ಮಾತ್ರ ಎಲ್ಲರೂ ಹೆದರುತ್ತಾರೆ.

ಈ ಹುಡುಗಿ ಅದೇ ಧಾಟಿಯನ್ನು ಎತ್ತಿಕೊಂಡಿದ್ದಳು. ಆದರೆ ಸತ್ತವರ ಹೆಸರು ಬರಬೇಕಾದ ಜಾಗದಲ್ಲಿ ತನ್ನ ಹಟ್ಟಿಯ ಹೆಸರನ್ನೇ ಇಟ್ಟಿದ್ದಳು. ಬೆಟ್ಟದ ಕೆಳಗಿನ ಬಯಲಿನಿಂದ ಟೀ ಎಲೆ ಕೀಳಲು ಬಂದವರಿಗೆ ಹಿತ್ತಲಲ್ಲಿ ಅನ್ನ ಇಟ್ಟದ್ದು ಎಂದು ಅವಳು ಹಾಡಿದರೆ ಬ್ಯಾಂಡಿನವರು ‘ಪಾಪ’ ಎಂದು ಕಿರುಚುತ್ತಿದ್ದರು. ಹೆಣ್ಣುಮಕ್ಕಳನ್ನು ಓದಿಸಿ ಆಮೇಲೆ ಬಾಯಿ ಮುಚ್ಚಿಸಿದ್ದು, ಪಾಪ. ಒರತೆಯ ಬಾಯಿಗೆ ಸಿಮೆಂಟ್ ಸುರಿಯುವಾಗ ಕಂಡೂ ಕಾಣದ ಹಾಗೆ ನಿಂತದ್ದು, ಪಾಪ. ಈ ಕೊನೆಯ ಸಾಲು ಮತ್ತೆ ಮತ್ತೆ ಬರುತ್ತಿತ್ತು, ಪ್ರತಿ ಸಲವೂ ಗಿಟಾರಿನ ಸದ್ದು ಏರುತ್ತಿತ್ತು. ಆಮೇಲೆ ಹಾಡು ಇದ್ದಕ್ಕಿದ್ದಂತೆ ಕಡಿದುಹೋಗುತ್ತಿತ್ತು.

ಹುಡುಗಿಯ ಹೆಸರು ನಿತ್ಯಾ. ಇಪ್ಪತ್ತೈದರ ಆಸುಪಾಸು. ಊಟಿಯ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಗಿಟಾರು ನುಡಿಸುವವನು ಗೂಡಲೂರಿನವನು, ಡ್ರಮ್ಮಿನವನ ಅಪ್ಪ ವೆಲ್ಲಿಂಗ್ಟನ್ ಕಂಟೋನ್‌ಮೆಂಟಿನಲ್ಲಿ ಸಿವಿಲಿಯನ್ ನೌಕರ. ಅರ್ಜಿಯ ಸುದ್ದಿ ಹಬ್ಬಿದ ಕೂಡಲೇ ಕಲ್ಯಾಣ ಮಂಟಪದ ಮಾಲೀಕ ಹೆದರಿ ಕಾರ್ಯಕ್ರಮಕ್ಕೆ ಜಾಗವಿಲ್ಲ ಎಂದುಬಿಟ್ಟ. ಅಲ್ಲಿಗೆ ಮುಗಿಯಿತು ಎಂದು ಪೊಲೀಸರು ಖುಷಿಪಟ್ಟರು. ನನಗೆ ನಗು ಬಂತು. ನಾನು ಊಟಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ನಮ್ಮ ವಾರ್ಡನ್ ಕೆಲವು ಇಂಗ್ಲಿಷ್ ರಾಕ್ ಕ್ಯಾಸೆಟ್ಟುಗಳನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಲ್ಲಿಯವರೆಗೆ ಅವನ್ನು ಕೇಳುತ್ತಿದ್ದವರು ಎರಡು ಮೂರು ಹುಡುಗಿಯರು. ಬೀಗ ಬಿದ್ದ ಮೇಲೆ ಇಡೀ ಹಾಸ್ಟೆಲ್ಲೇ ಆ ಹಾಡುಗಳ ಹಿಂದೆ ಬಿತ್ತು. ಅದರಲ್ಲಿ ಅರ್ಧ ಮಾತು ನಮಗೆ ಅರ್ಥವೇ ಆಗುತ್ತಿರಲಿಲ್ಲ, ಆದರೂ ಯಾರಿಗೋ ಅದು ಸಿಟ್ಟು ತರಿಸಿದೆ ಎಂಬುದೇ ನಮಗೆ ಸಾಕಾಗಿತ್ತು.

ಇಲ್ಲಿಯೂ ಹಾಗೇ ಆಯಿತು. ಮಿನಿಬಸ್ಸಿನಲ್ಲಿ ಅದೇ ಹಾಡು, ಗೂಡಲೂರಿನ ಜೀಪ್ ಸ್ಟ್ಯಾಂಡಿನಲ್ಲಿ ಅದೇ ಹಾಡು. ಮಸಿನಗುಡಿಗೆ ಅಣ್ಣನ ಮನೆಗೆ ಹೋದರೆ ರೆಸಾರ್ಟಿನ ಕಡೆಯಿಂದ ಬೆಂಗಳೂರಿನವರು ಬಡಗ ಮಾತಿನಲ್ಲಿ ‘ಪಾಪ, ಪಾಪ’ ಎಂದು ಅರಚುವುದು ಕೇಳಿಸಿತು. ಯಾವ ಹಟ್ಟಿ, ಯಾವ ಒರತೆ ಎಂದು ಆ ಪುಣ್ಯಾತ್ಮರಿಗೆ ಏನು ಗೊತ್ತು! ಸೆಲ್ವಂ ಘಾಟಿ ತಿರುವುಗಳಲ್ಲಿ ಅದನ್ನೇ ಗುನುಗುತ್ತಿದ್ದ. “ಲೋ, ಬಾಯಿ ಮುಚ್ಚೋ ಮಾರಾಯ” ಎಂದು ಬೈದು, ಐದು ನಿಮಿಷಕ್ಕೆ ನಾನೇ ಗುನುಗುತ್ತಿದ್ದೆ.

ಹಟ್ಟಿಯಲ್ಲಿ ಮಾತ್ರ ನಗುವ ವಿಷಯವಾಗಿರಲಿಲ್ಲ. ಹಿರಿಯರು ಕೂಟ ಸೇರಿ, ಹಾಡನ್ನು ತೆಗೆಯುವ ತನಕ ಆ ಮನೆಯ ಒಳಿತು ಕೆಡುಕು ಯಾವುದಕ್ಕೂ ಯಾರೂ ಹೋಗಕೂಡದು ಎಂದು ತೀರ್ಮಾನಿಸಿದ್ದರು. ಕಾನೂನಿನಲ್ಲಿ ಇದಕ್ಕೆ ಸಾಮಾಜಿಕ ಬಹಿಷ್ಕಾರ ಎನ್ನುತ್ತೇವೆ. ಕೇಳಿದರೆ ಯಾರೂ ಒಪ್ಪುವುದಿಲ್ಲ. “ನಾಂಗ ಏನ ಮಾಡಿದೊ? ಅವರ ಮನೆಗೆ ಹೋಗಕ್ಕೆ ಪುರುಸೊತ್ತು ಇಲ್ಲೆ, ಅಷ್ಟೇ” ಎನ್ನುತ್ತಾರೆ. ಪುರುಸೊತ್ತು ಇಲ್ಲದ್ದಕ್ಕೆ ಯಾವ ಸೆಕ್ಷನ್ ಹಾಕುವುದು?

ಆ ಮನೆಯಲ್ಲಿ ಕೆಡುಕೊಂದು ಬಾಗಿಲಿಗೇ ಬಂದು ನಿಂತಿತ್ತು. ನಿತ್ಯಾಳ ಅಜ್ಜ ಭೋಜಜ್ಜ ಹಾಸಿಗೆ ಹಿಡಿದಿದ್ದರು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದರು. ಆ ಹಟ್ಟಿಯಲ್ಲಿ ಯಾರು ಸತ್ತರೂ ಎದ್ದು ನಿಂತು ಪಾಪ ಹೇಳುತ್ತಿದ್ದವರು ಇದೇ ಭೋಜಜ್ಜ. ಅವರ ಮಗ್ಗುಲಲ್ಲಿ ಕೂತೇ ಮೊಮ್ಮಗಳು ಅದನ್ನು ಕಲಿತದ್ದು. ಹಾಡಿನ ಶುರುವಿನಲ್ಲಿ ಕೇಳುವ ಉಸಿರು ಅವರದೇ. ಈಗ ಅವರು ಹೋದರೆ ಹಟ್ಟಿ ಬರುವುದಿಲ್ಲ. ಹಟ್ಟಿ ಬರದಿದ್ದರೆ ಹೇಳುವವರಿಲ್ಲ, ‘ಪಾಪ’ ಎನ್ನುವವರಿಲ್ಲ. ಊರಿಗೆಲ್ಲ ದಾರಿ ಬಿಡಿಸಿಕೊಟ್ಟ ಮುದುಕ ತಾನು ಮಾತ್ರ ಹೇಳಿಸಿಕೊಳ್ಳದೆ ಹೋಗಬೇಕು. ಈ ವಿಷಯ ತಿಳಿದ ಮೇಲೆ ನನಗೆ ಹಾಡಿನ ಚಿಂತೆ ಹೋಗಿ ಮುದುಕನ ಚಿಂತೆ ಹತ್ತಿತು.

ಶಾಂತಿ ಮಾತುಕತೆ ಕರೆದೆ. ಒಂದು ಕಡೆ ನಂಜ ಗೌಡರೂ ಹಿರಿಯರೂ, ಇನ್ನೊಂದು ಕಡೆ ನಿತ್ಯಾ ಮತ್ತು ಅವಳ ಅಪ್ಪ. ಅಪ್ಪ ಪಾಪ, ಇಡೀ ಹೊತ್ತು ನೆಲ ನೋಡಿಕೊಂಡೇ ಕೂತಿದ್ದರು. ಅವಳು ಸ್ಕೂಲಿನ ಟ್ರ್ಯಾಕ್‌ಸೂಟಿನಲ್ಲೇ ಬಂದಿದ್ದಳು. ದನಿ ತಗ್ಗಿಸಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

“ದೊಡ್ಡಪ್ಪ, ನಾ ಹಾಡಿದ್ದರಲ್ಲಿ ಯಾವುದು ಸುಳ್ಳು? ಒಂದು ಹೇಳಿ, ಇವತ್ತೇ ತೆಗೀತೆ.”

ನಂಜ ಗೌಡರು “ಸುಳ್ಳು ಒಂದೂ ಇಲ್ಲೆ” ಅಂದರು. “ಆದರೆ ಅದು ಸತ್ತವರಿಗೆ ಹೇಳೋದು. ನಂಗ ಹಟ್ಟಿ ಸತ್ತಿಲ್ಲೆ. ಬದುಕಿರೋದಕ್ಕೆ ನೀ ಯಾಕೆ ಹೇಳಿದೆ?”

ಒರತೆಯ ಕತೆಯೂ ಅಂದು ಹೊರಬಿತ್ತು. ಹಟ್ಟಿಯ ಮೇಲ್ಗಡೆ ಜೌಗಿನಲ್ಲಿ ಒಂದು ಒರತೆ ಇತ್ತು, ಬೇಸಿಗೆಯಲ್ಲೂ ಬತ್ತದ್ದು. ಕೆಲವು ವರ್ಷಗಳ ಹಿಂದೆ ಅಲ್ಲಿ ಟೂರಿಸ್ಟುಗಳಿಗೆ ಕಾಟೇಜ್ ಕಟ್ಟುವವರೊಬ್ಬರು ಬಂದು, ಜೌಗು ತುಂಬಿಸಿ ದಾರಿ ಮಾಡಿದರೆ ಅದೇ ತಾರು ರಸ್ತೆ ಹಟ್ಟಿಗೂ ಆಗುತ್ತದೆ ಎಂದರು. ಹಟ್ಟಿ ಒಪ್ಪಿತು. ರಸ್ತೆ ಬಂತು, ಕಾಟೇಜೂ ಎದ್ದಿತು, ಒರತೆ ಸಿಮೆಂಟಿನ ಕೆಳಗೆ ಹೋಯಿತು. ಜಾಗ ಪಟ್ಟಾ ಭೂಮಿ, ಅಂದರೆ ಹಟ್ಟಿಯವರದೇ ಖಾಸಗಿ ಹಕ್ಕಿನದು. ಅವರು ಕೊಟ್ಟದ್ದು ದಾರಿಗೆ ಒಪ್ಪಿಗೆ ಮಾತ್ರ. ಕಂದಾಯ ಇಲಾಖೆ ಮಧ್ಯೆ ಕೈ ಹಾಕುವಂತಿರಲಿಲ್ಲ, ಬೇಕಾದರೆ ಹಟ್ಟಿಯೇ ಒಂದಾಗಿ ನಿಂತು ಒರತೆಯ ಬಾಯಿ ತೆರೆಸಬೇಕು. ಈಗ ಅವರು ಪೈಪಿನ ನೀರಿಗೆ ಕಾಯುತ್ತಾರೆ, ಆ ವಿಷಯ ಎತ್ತುವುದಕ್ಕೆ ಒಬ್ಬರಿಗೊಬ್ಬರು ಮುಖ ಕೊಡುವುದಿಲ್ಲ.

ಮಾತುಕತೆ ಮುರಿದುಬಿತ್ತು. ಅವಳು ಹಾಡು ತೆಗೆಯಲಾರಳು, ಅವರು ಕೂಟದ ಮಾತು ಹಿಂತೆಗೆಯಲಾರರು. ಎಲ್ಲರೂ ಹೋದ ಮೇಲೆ ತಣ್ಣಗಾದ ಟೀ ಕುಡಿದು ಮೇಜಿನ ಮೇಲೆ ತಲೆಯಿಟ್ಟೆ. ಹಟಮಾರಿಗಳ ಊರಿಗೆ ನನ್ನನ್ನೇ ಯಾಕೆ ಹಾಕಿದರೋ ಎನಿಸಿತು.

ಎರಡು ದಿನ ಬಿಟ್ಟು ನಾನೇ ಹಟ್ಟಿಗೆ ಹೋದೆ. ಭೋಜಜ್ಜ ಕಿಟಕಿಯ ಪಕ್ಕದ ಮಂಚದಲ್ಲಿದ್ದರು. ಮೈಯಲ್ಲಿ ಏನೂ ಉಳಿದಿರಲಿಲ್ಲ, ದನಿ ಮಾತ್ರ ಖಣಖಣ ಎನ್ನುತ್ತಿತ್ತು. ಮೊಮ್ಮಗಳ ಹಾಡು ಕೇಳಿದ್ದೀರಾ ಎಂದೆ.

“ಕೇಳಿದೆ, ಅಮ್ಮಾ. ಒಳ್ಳೆ ಹಾಡಿಯಾಳೆ. ನನ್ನ ಗಂಟಲೇ ಅವಳಿಗೆ ಬಂದಿದೆ.” ಸ್ವಲ್ಪ ದಣಿವಾರಿಸಿಕೊಂಡು ಮುಂದುವರಿಸಿದರು. “ಆದರೆ ಕೂಸು ಅರ್ಧಕ್ಕೆ ಬಿಟ್ಟಿಯಾಳೆ. ಪಾಪ ಹೇಳಿದಳು, ಬಿಟ್ಟುಹೋಗಲಿ ಅನ್ನೋದು ಹೇಳಲಿಲ್ಲೆ. ಹಾಗೆ ನಿಲ್ಲಿಸಿದರೆ ಅದು ಎಲ್ಲಿಗೆ ಹೋಗೋದು? ಕೇಳಿದವರ ತಲೆ ಮೇಲೇ ಕೂರುತ್ತೆ. ನಂಜನಿಗೆ ಅದೇ ಭಯ.”

ನಾನು ಪೆಚ್ಚಾದೆ. ಅರ್ಜಿಯಲ್ಲಿ ಬರೆದದ್ದು ಅವಮಾನ, ಧಕ್ಕೆ. ಅವರಿಗೆ ನಿಜವಾಗಿ ಆಗಿದ್ದು ಹೆದರಿಕೆ. ಹಾಡು ಕಡಿದುಹೋಗುವುದನ್ನು ನಾವು ಹೊರಗಿನವರು ರಾಕ್ ಸಂಗೀತದ ಶೈಲಿ ಎಂದುಕೊಂಡು ತಲೆದೂಗುತ್ತಿದ್ದೆವು. ಹಟ್ಟಿಯ ಮುದುಕಿಯರು ಅದು ಕಡಿದ ಜಾಗದಲ್ಲಿ ಪ್ರತಿ ಸಲವೂ ಬೆಚ್ಚಿ, ತಮ್ಮ ತಲೆಯ ಮೇಲೆ ಏನೋ ಇಳಿಯಿತು ಎಂದು ಕೂರುತ್ತಿದ್ದರು. ಅಷ್ಟು ಕಚೇರಿಗಳನ್ನು ಸುತ್ತಿದ ನನಗೆ ಇದನ್ನು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎದ್ದು ಹೊರಡುವಾಗ ಮುದುಕ ನನ್ನ ಕೈ ಹಿಡಿದರು. “ನಾ ಎಲ್ಲರಿಗೂ ಹೇಳಿದೆ ಅಮ್ಮಾ. ನನಗೆ ಯಾರು ಹೇಳೋದು?” ಅಂದರು.

ಅಂಗಳದಲ್ಲಿ ನಿತ್ಯಾ ನಿಂತಿದ್ದಳು. “ಕೊನೆಯ ಆ ಎರಡು ಸಾಲು ಸೇರಿಸಿಬಿಡಮ್ಮ. ಎಲ್ಲ ಸರಿಹೋಗುತ್ತೆ. ಅಜ್ಜನ ಮುಖ ನೋಡು” ಎಂದೆ.

“ಅಜ್ಜನ ಮುಖ ನೋಡಿಯೇ ನಾ ನಿದ್ದೆ ಮಾಡ್ತಾ ಇಲ್ಲೆ ಮೇಡಂ” ಅಂದಳು. ಕಣ್ಣು ಕೆಂಪಾಗಿತ್ತು. “ಆದರೆ ಬಿಟ್ಟುಹೋಗಲಿ ಅಂದರೆ ಮುಗೀತು. ಎಲ್ಲ ಹಗುರಾಗಿ ಮನೆಗೆ ಹೋಗ್ತಾರೆ. ಒರತೆ ಸಿಮೆಂಟಿನ ಕೆಳಗೇ ಇರುತ್ತೆ. ಸತ್ತವರಿಗೆ ಬೇರೆ ದಾರಿ ಇಲ್ಲೆ, ಅದಕ್ಕೆ ಬಿಡೋದು. ಬದುಕಿರೋರಿಗೆ ಕೈಕಾಲು ಇದೆಯಲ್ಲ?”

ಮುದುಕನ ಮಾತೂ ಸರಿ, ಹುಡುಗಿಯ ಮಾತೂ ಸರಿ. ನಾನು ಜೀಪ್ ಹತ್ತಿದೆ. ಸೆಲ್ವಂ ಅಂದು ಗುನುಗಲಿಲ್ಲ.

ಅದೇ ವಾರ ಒಂದು ಬೆಳಗ್ಗೆ ಭೋಜಜ್ಜ ತೀರಿಕೊಂಡ ಸುದ್ದಿ ಬಂತು. ಗಲಾಟೆ ಆದೀತೆಂದು ಪೊಲೀಸರು ನನ್ನನ್ನೂ ಕರೆದರು. ಹೋದಾಗ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಮನೆಯ ಮುಂದೆ ಮಂಚ. ಅದರ ಸುತ್ತ ನಿತ್ಯಾ, ಅವಳ ಅಪ್ಪ, ಅವ್ವ, ಬೇರೆ ಹಟ್ಟಿಗಳಿಂದ ಬಂದ ಒಂದಷ್ಟು ನೆಂಟರು. ಬ್ಯಾಂಡಿನ ಹುಡುಗರಿಬ್ಬರು ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ನಿಂತಿದ್ದರು. ಹಟ್ಟಿಯವರು ಒಬ್ಬರೂ ಇಲ್ಲ. ಎಷ್ಟೋ ಸಾವಿನ ಮನೆಗಳಿಗೆ ಬಂದೋಬಸ್ತಿಗೆ ಹೋದವಳು ನಾನು, ಅಷ್ಟು ಸದ್ದಿಲ್ಲದ ಸಾವಿನ ಮನೆಯನ್ನು ಕಂಡಿರಲಿಲ್ಲ.

ನಂಜ ಗೌಡರನ್ನು ಹುಡುಕಿಕೊಂಡು ಗುಡಿಯ ಕಡೆ ನಡೆದೆ. ಗುಡಿಯ ಮುಂದಿನ ಹುಲ್ಲಿನ ಮೇಲೆ ಹಟ್ಟಿಯ ಗಂಡಸರೆಲ್ಲ ಕೂತಿದ್ದರು. ಮೈಗೆ ಒಗೆದ ಶಾಲು, ತಲೆಗೆ ಪೇಟ. ಆಚೆ ಬದಿಯಲ್ಲಿ ಹೆಂಗಸರು, ಬಿಳಿ ಬಟ್ಟೆ ಹೊದ್ದು ತಯಾರಾಗಿ ನಿಂತಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು.

“ಏನು ಗೌಡ್ರೇ ಇದು! ಪೇಟ ಸುತ್ತಿಕೊಂಡು ಇಲ್ಲಿ ಕೂತಿದ್ದೀರಲ್ಲ, ಅಲ್ಲಿ ಮುದುಕರು ಕಾಯ್ತಾ ಮಲಗಿದ್ದಾರೆ!”

“ಹೇಳಿ ಕಳಿಸಿಲ್ಲೆ ಅಮ್ಮಾ” ಅಂದರು ನಂಜ ಗೌಡರು. “ಆ ಮನೆಯಿಂದ ಬಂದು ಸಾವು ಹೇಳಬೇಕು. ಹೇಳದೆ ನಾಂಗ ಹೇಗೆ ಹೋಗೋದು? ಬೆಳಗ್ಗಿಂದ ಕಾದಿದ್ದೊ.”

ಅಯ್ಯೋ ದೇವರೇ ಎಂದುಕೊಂಡೆ. ಬರುವುದಿಲ್ಲ ಎಂದು ತೀರ್ಮಾನಿಸಿದವರಿಗೆ ಹೇಳುವುದು ಹೇಗೆ ಎಂದು ಆ ಮನೆಯವರು ಕೂತಿದ್ದಾರೆ. ಹೇಳದೆ ಹೋಗುವುದು ಹೇಗೆ ಎಂದು ಇವರು ಕೂತಿದ್ದಾರೆ. ನಡುವೆ ಇದ್ದದ್ದು ಒಂದು ಟೀ ತೋಟ, ಅಷ್ಟೇ. ಮಂಡಿ ನೋವನ್ನೂ ಮರೆತು ವಾಪಸ್ ನಡೆದು ನಿತ್ಯಾಳಿಗೆ ವಿಷಯ ಹೇಳಿದೆ. ಅವಳು ಅಪ್ಪನ ಮುಖ ನೋಡಲಿಲ್ಲ. ಚಪ್ಪಲಿ ಬಿಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಟೀ ಗಿಡಗಳ ನಡುವೆ ಓಡಿದಳು. ಸಾವು ಹೇಳಲು ಗಂಡಸರು ಹೋಗುವುದು ರೂಢಿ. ಯಾರೂ ಅವಳನ್ನು ತಡೆಯಲಿಲ್ಲ. ಗುಡಿಯ ಮುಂದೆ ನಿಂತು ಒಂದೇ ಮಾತು ಹೇಳಿದಳಂತೆ: “ದೊಡ್ಡಪ್ಪ, ನಂಗ ಅಜ್ಜ ಹೋದರು. ಬನ್ನಿ.”

ಇಡೀ ಹಟ್ಟಿ ಎದ್ದು ಬಂತು. ಬಂದವರಲ್ಲಿ ಎಷ್ಟೋ ಮಂದಿ ಮಂಚದ ಹತ್ತಿರ ಬರುವ ಮೊದಲೇ ಅಳುತ್ತಿದ್ದರು. ಪಾಪ ಹೇಳಲು ಬೇರೆ ಹಟ್ಟಿಯಿಂದ ಒಬ್ಬರನ್ನು ಕರೆಸೋಣ ಎಂದು ಯಾರೋ ಅಂದರು. ನಂಜ ಗೌಡರು ಒಪ್ಪಲಿಲ್ಲ. “ನಂಗ ಸಾವಿಗೆಲ್ಲ ಇವರೇ ಹೇಳಿದ್ದು. ಇವರಿಗೆ ಹೊರಗಿನ ಬಾಯಿ ಬೇಡ” ಎಂದು ತಾವೇ ಮಂಚದ ಪಕ್ಕ ನಿಂತರು.

ನಿಂತರು, ಶುರುಮಾಡಿದರು, ಆದರೆ ಎಂದೂ ಹೇಳಿದವರಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನ ಸಾಲು ಮರೆತುಹೋಯಿತು. ಜನ ಕಾದರು. ಗೌಡರ ಹಣೆಯಲ್ಲಿ ಬೆವರು. ಆಗ ಮಂಚದ ತಲೆಯ ಕಡೆ ಕೂತಿದ್ದ ನಿತ್ಯಾ ಮುಖ ಎತ್ತದೆಯೇ ಮುಂದಿನ ಸಾಲನ್ನು ಮೆಲ್ಲಗೆ ಹೇಳಿದಳು. ಗೌಡರು ಅದನ್ನು ಎತ್ತಿಕೊಂಡು ಗಟ್ಟಿಯಾಗಿ ಹೇಳಿದರು. ಜನ ‘ಪಾಪ’ ಅಂದರು. ಹಾಗೇ ನಡೆಯಿತು, ಅವಳು ಮೆಲ್ಲಗೆ, ಅವರು ಗಟ್ಟಿಯಾಗಿ, ಆಮೇಲೆ ಎಲ್ಲರೂ.

ಕೊನೆಗೆ ಬಂದಾಗ ಗೌಡರು ನಿಂತರು. ಮತ್ತೆ ಮರೆತರೇನೋ ಎಂದುಕೊಂಡು ನಿತ್ಯಾ ಬಾಯಿ ತೆರೆದಳು. ಅವರು ಕೈ ಸನ್ನೆಯಲ್ಲಿ ಬೇಡ ಎಂದರು. ತಾವಾಗಿಯೇ, ಸತ್ತವರ ಹೆಸರು ಹಿಡಿದು ಹೇಳಿದರು: “ಒರತೆಯ ಬಾಯಿಗೆ ಸಿಮೆಂಟ್ ಸುರಿಯುವಾಗ ಕಂಡೂ ಕಾಣದ ಹಾಗೆ ನಿಂತದ್ದು.”

ನಿತ್ಯಾ ಥಟ್ಟನೆ ತಲೆಯೆತ್ತಿದಳು. ಅಲ್ಲಿ ಕೂತ ಪ್ರತಿಯೊಬ್ಬರಿಗೂ ಆ ಸಾಲು ಬಾಯಿಪಾಠವಿತ್ತು. ಯಾರ ಹಾಡಿನದು ಎಂದೂ ಗೊತ್ತಿತ್ತು, ಅಂದು ಒರತೆಯ ಹತ್ತಿರ ಯಾರು ಯಾರು ನಿಂತಿದ್ದರು ಎಂದೂ ಗೊತ್ತಿತ್ತು. ಹಿಂದಿನಿಂದ ಒಬ್ಬ ಮುದುಕಿಯ ಒಡಕು ದನಿ ಮೊದಲು ಬಂತು: “ಪಾಪ.” ಆಮೇಲೆ ಎಲ್ಲರೂ ಅಂದರು. ಕೆಲವರು ತಲೆ ತಗ್ಗಿಸಿಕೊಂಡೇ ಅಂದರು. ಎಲ್ಲವೂ ಬಿಟ್ಟುಹೋಗಲಿ ಎಂದು ಕೊನೆಯ ಮಾತು ಹೇಳುವಾಗ ನಿತ್ಯಾಳ ದನಿ ಎಲ್ಲರ ದನಿಗಿಂತ ಮೇಲೆ ಕೇಳಿಸುತ್ತಿತ್ತು. ಭೋಜಜ್ಜ ಪೂರ್ತಿ ಹೇಳಿಸಿಕೊಂಡೇ ಹೋದರು. ನಾನು ಅಲ್ಲಿಯವಳಲ್ಲ, ಆದರೂ ಕಣ್ಣೀರು ತಡೆಯಲಾಗಲಿಲ್ಲ.

ಕೂಟದ ತೀರ್ಮಾನವನ್ನು ಯಾರೂ ಹಿಂತೆಗೆಯಲಿಲ್ಲ, ಯಾರೂ ಮತ್ತೆ ಎತ್ತಲೂ ಇಲ್ಲ. ಶಾಂತಿ ನೆಲೆಸಿದೆ, ಮುಂದಿನ ಕ್ರಮ ಬೇಕಿಲ್ಲ ಎಂದು ವರದಿ ಬರೆದು ಕಡತ ಮುಚ್ಚಿದೆ. ನನ್ನ ಸರ್ವಿಸಿನಲ್ಲಿ ಮುಚ್ಚಿದ ಕಡತಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಹೆಚ್ಚಿನವನ್ನು ಅರ್ಜಿಯಲ್ಲಿ ಬರೆದಿದ್ದ ಮಾತನ್ನೇ ಓದಿ ಮುಚ್ಚಿರಬೇಕು. ಜನ ನಮ್ಮ ಮುಂದೆ ಬರುವಾಗ ತಮ್ಮ ನೋವನ್ನು ನಮಗೆ ಅರ್ಥವಾಗುವ ಕಚೇರಿ ಮಾತಿಗೆ ತಿರುಗಿಸಿಕೊಂಡು ಬರುತ್ತಾರೆ. ಅವರ ಮನೆಯ ತನಕ ನಡೆದುಹೋಗಿ ಅವರದೇ ಮಾತಿನಲ್ಲಿ ಕೇಳಿದರೆ ಬೇರೆಯೇ ಸಿಗುತ್ತದೆ. ನಾನು ಇದನ್ನು ಕಲಿತದ್ದು ಕುರ್ಚಿ ಬಿಡುವ ವರ್ಷ. ಇಷ್ಟು ತಡವಾಗಿ ಕಲಿತದ್ದು ಯಾರಿಗೆ ಪ್ರಯೋಜನ, ಅದಕ್ಕೇ ಬರೆಯುತ್ತಿದ್ದೇನೆ.

ನಿವೃತ್ತಳಾದ ಮೇಲೆ ಒಂದು ದಿನ ನಿತ್ಯಾ ಫೋನ್ ಮಾಡಿದಳು. ಹಟ್ಟಿಯ ಶಾಲೆಯ ಮೈದಾನದಲ್ಲೇ ಹಾಡುತ್ತೇವೆ, ಬನ್ನಿ ಎಂದಳು. ಹೋದೆ. ಮಧ್ಯಾಹ್ನದ ಬಿಸಿಲು. ಮುಂದಿನ ಸಾಲಿನಲ್ಲಿ ನಂಜ ಗೌಡರೂ ಹಿರಿಯರೂ ಪೇಟ ಸಮೇತ ಕೂತಿದ್ದರು. ಸ್ಪೀಕರಿನ ಸದ್ದಿಗೆ ಒಬ್ಬಿಬ್ಬರು ಕಿವಿ ಮುಚ್ಚಿಕೊಂಡಿದ್ದರು, ಎದ್ದು ಮಾತ್ರ ಹೋಗಲಿಲ್ಲ. ಆ ಹಾಡು ಬಂತು. ಒರತೆಯ ಸಾಲು ಬಂದಾಗೆಲ್ಲ ಬ್ಯಾಂಡಿನ ಹುಡುಗರ ಜೊತೆ ಇಡೀ ಮೈದಾನ ‘ಪಾಪ’ ಎಂದಿತು. ಒರತೆ ಇನ್ನೂ ಸಿಮೆಂಟಿನ ಕೆಳಗೇ ಇತ್ತು. ಹಾಡು ಎಂದಿನಂತೆ ಅದೇ ಜಾಗದಲ್ಲಿ ಕಡಿದು ನಿಂತಿತು.

ಹಿಂದೆ ಕೂತಿದ್ದ ಹೆಂಗಸರಿಗೆ ತಡೆಯಲಾಗಲಿಲ್ಲ. ಅಲ್ಲಿಂದ ‘ಬಿಟ್ಟುಹೋಗಲಿ’ ಎಂಬ ಮಾತು ಮೆಲ್ಲಗೆ ಶುರುವಾಯಿತು. ನಂಜ ಗೌಡರು ಎದ್ದು ನಿಂತು, ಜನರ ಕಡೆಗೆ ತಿರುಗಿ ಕೈಯೆತ್ತಿದರು.

“ನಿಲ್ಲಿಸಿ. ಅದು ಸತ್ತವರಿಗೆ. ನಂಗ ಹಟ್ಟಿ ಇನ್ನೂ ಸತ್ತಿಲ್ಲೆ. ಒರತೆಯ ಬಾಯಿ ತೆಗೆಯೋ ತನಕ ಇದು ಹೀಗೇ ನಿಲ್ಲಲಿ.”

ನಿತ್ಯಾ ಮೈಕು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, “ದೊಡ್ಡಪ್ಪ, ಇನ್ನೊಂದು ಸಲ ಹಾಡಲಾ?”

“ಹಾಡು, ಕೂಸು” ಅಂದರು ಗೌಡರು, ಕೂರದೆ. “ಆ ಕಾಟೇಜಿನ ತನಕ ಕೇಳಿಸಲಿ.”